ಉಗುರು ಬೆಚ್ಚಗಿನ ನೀರು ಸಾಲದು

ಕುಡಿಯುವ ನೀರಿನ ವಿಷಯದಲ್ಲಿ ನಾವು ಶಿರಸಿ ಸೀಮೆಯವರು ಬಹಳ ಜಾಗರೂಕರು. ಮಳೆಗಾಲ ಶುರುವಾದರೆ ಸಾಕು, ಜೀರಿಗೆಯನ್ನೋ ಲಾವಂಚದ ಬೇರನ್ನೋ ಹಾಕಿ ಕುದಿಸಿದ ನೀರು ಅಡುಗೆಮನೆಯಲ್ಲಿ ಸದಾ ಸಿದ್ಧವಿರುತ್ತದೆ. ಬಾವಿಗೆ ಬ್ಲೀಚಿಂಗ್ ಪೌಡರ್ ಬೀಳುತ್ತದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ‘ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ’ ಎಂದು ಹೇಳಿ ಹೋಗುತ್ತಾರೆ. ಆದರೆ ಅದೇ ಮನೆಯ ಸ್ನಾನದ ನೀರಿನ ಬಗ್ಗೆ ಯಾರೂ ಒಂದು ಮಾತು ಕೇಳುವುದಿಲ್ಲ. ‘ಮೈಮೇಲೆ ಹಾಕಿಕೊಳ್ಳುವ ನೀರು, ಹೊಟ್ಟೆಗೆ ಹೋಗುವುದಲ್ಲವಲ್ಲ’ ಎಂಬುದು ನಮ್ಮೆಲ್ಲರ ಸಮಾಧಾನ.

ಹೊಟ್ಟೆಗೆ ಹೋಗುವುದಿಲ್ಲ, ನಿಜ. ಆದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಶವರ್ ಬಿಟ್ಟಾಗ ಬೀಳುವ ದೊಡ್ಡ ಹನಿಗಳ ಜೊತೆಗೆ ಕಣ್ಣಿಗೆ ಕಾಣದ ಸಣ್ಣ ಹನಿಗಳೂ ಹುಟ್ಟುತ್ತವೆ. ದೊಡ್ಡವು ನೆಲಕ್ಕೆ ಬೀಳುತ್ತವೆ, ಸಣ್ಣವು ಗಾಳಿಯಲ್ಲಿ ತೇಲುತ್ತವೆ. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. 5 ಮೈಕ್ರಾನ್‌ಗಿಂತ ಚಿಕ್ಕದಾದ ಹನಿ ಮೂಗು ಗಂಟಲುಗಳ ಕಾವಲನ್ನು ದಾಟಿ ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಹೋಗಬಲ್ಲದು. ಆ ಹನಿಯಲ್ಲಿ ಬ್ಯಾಕ್ಟೀರಿಯಾ ಇದ್ದರೆ ಅದೂ ಜೊತೆಗೇ ಹೋಗುತ್ತದೆ.

ಅಡಿಕೆ ತೋಟ ಇರುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಚೊಂಬಿನಲ್ಲಿ ಎರಚುವುದಿಲ್ಲ, ಪಂಪಿನ ನಾಝಲ್‌ನಿಂದ ಮಂಜಿನಂತೆ ಸಿಂಪಡಿಸುತ್ತಾರೆ. ಹನಿ ಸಣ್ಣದಾದಷ್ಟೂ ಕೊನೆಯ ಸಂದುಗೊಂದಿಗೆಲ್ಲ ತಲುಪುತ್ತದೆ ಎಂಬುದು ಅವರಿಗೆ ಗೊತ್ತು. ಹಾಗಾಗಿಯೇ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಬಾತ್‌ರೂಮಿನ ಶವರ್ ಕೂಡ ಒಂದು ನಾಝಲ್. ವ್ಯತ್ಯಾಸವೆಂದರೆ ಅಲ್ಲಿ ನಾವು ಬಾಗಿಲು, ಕಿಟಕಿ ಎಲ್ಲ ಮುಚ್ಚಿಕೊಂಡು, ಬಾಯಿ ತೆರೆದು ಹಾಡುತ್ತ ನಿಂತಿರುತ್ತೇವೆ!

ಯಾರನ್ನೂ ಹೆದರಿಸಲು ಇದನ್ನು ಬರೆಯುತ್ತಿಲ್ಲ. ಬಹುಪಾಲು ಆರೋಗ್ಯವಂತರಿಗೆ ದಿನದ ಸ್ನಾನದಿಂದ ಏನೂ ಆಗುವುದಿಲ್ಲ. ನನ್ನ ವಾದ ಇಷ್ಟೇ: ಕಳೆದ ಕೆಲವು ದಶಕಗಳಲ್ಲಿ ನಮ್ಮ ಘಟ್ಟದ ಮೇಲಿನ ತಾಲೂಕುಗಳ ಬಚ್ಚಲುಮನೆ ಪೂರ್ತಿ ಬದಲಾಗಿದೆ, ಆದರೆ ಅದನ್ನು ನೋಡಿಕೊಳ್ಳುವ ರೀತಿ ಬದಲಾಗಿಲ್ಲ. ಆ ಅಂತರದಲ್ಲಿ ಒಂದು ಅಪಾಯ ಅಡಗಿದೆ. ಅದನ್ನು ತಡೆಯಲು ಬೇಕಾದ ಜ್ಞಾನ ಹತ್ತನೇ ತರಗತಿಯ ವಿಜ್ಞಾನದಷ್ಟೇ.

ಹೋಟೆಲಿನಲ್ಲಿ ಸಿಕ್ಕ ರೋಗಾಣು

1976ರ ಜುಲೈ. ಅಮೆರಿಕದ ಫಿಲಡೆಲ್ಫಿಯಾ ನಗರದ ಬೆಲ್‌ವ್ಯೂ ಸ್ಟ್ರಾಟ್‌ಫರ್ಡ್ ಎಂಬ ದೊಡ್ಡ ಹೋಟೆಲಿನಲ್ಲಿ ‘ಅಮೆರಿಕನ್ ಲೀಜನ್’ ಎಂಬ ಮಾಜಿ ಸೈನಿಕರ ಸಂಘಟನೆಯ ಸಮ್ಮೇಳನ ನಡೆಯಿತು. ಮನೆಗೆ ಮರಳಿದ ಪ್ರತಿನಿಧಿಗಳು ಕೆಲವೇ ದಿನಗಳಲ್ಲಿ ತೀವ್ರ ಜ್ವರ, ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರತೊಡಗಿದರು. ಒಟ್ಟು 221 ಜನ ಕಾಯಿಲೆ ಬಿದ್ದರು, 34 ಜನ ಸತ್ತರು. ಆಹಾರದಲ್ಲಿ ವಿಷವೇ, ಹೊಸ ಫ್ಲೂ ಜ್ವರವೇ, ಯಾರಾದರೂ ಮಾಡಿದ ಸಂಚೇ ಎಂದು ತಿಂಗಳುಗಟ್ಟಲೆ ಹುಡುಕಾಟ ನಡೆಯಿತು. ಕೊನೆಗೆ 1977ರ ಜನವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಿಜ್ಞಾನಿ ಜೋಸೆಫ್ ಮೆಕ್‌ಡೇಡ್ ಅದುವರೆಗೆ ಹೆಸರೇ ಇಲ್ಲದಿದ್ದ ಒಂದು ಬ್ಯಾಕ್ಟೀರಿಯಾವನ್ನು ಪತ್ತೆ ಹಚ್ಚಿದರು. ಸತ್ತ ಲೀಜನ್ ಸದಸ್ಯರ ನೆನಪಿಗೆ ಅದಕ್ಕೆ ‘ಲೀಜಿಯೊನೆಲ್ಲಾ’ ಎಂದು ಹೆಸರಾಯಿತು. ಹೋಟೆಲಿನ ಹವಾನಿಯಂತ್ರಣದ ಕೂಲಿಂಗ್ ಟವರ್‌ನಿಂದ ಬಂದ ನೀರಿನ ತುಂತುರೇ ಅದನ್ನು ಹೊತ್ತು ತಂದಿತ್ತು ಎಂಬುದು ತಜ್ಞರ ನಂಬಿಕೆ.

ಸಿದ್ದಾಪುರದವರಿಗೆ ಈ ಕಥೆ ಪರಿಚಿತವೆನಿಸಬಹುದು. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಬಂದಾಗ ಅದೂ ಹೆಸರಿಲ್ಲದ ರೋಗವೇ ಆಗಿತ್ತು. ಇಂದು ಮಂಗನ ಕಾಯಿಲೆ ಎಂದರೆ ಮಲೆನಾಡಿನ ಮಕ್ಕಳಿಗೂ ಗೊತ್ತು. 2024ರಲ್ಲೂ ಅದು ಸಿದ್ದಾಪುರ ತಾಲೂಕಿನಲ್ಲಿ ಜೀವ ತೆಗೆದಿದೆ. ಉಣ್ಣಿಯಿಂದ ಬರುತ್ತದೆಂದು ತಿಳಿದ ಮೇಲೆ ಕಾಡಿಗೆ ಹೋಗುವವರು ಎಣ್ಣೆ ಹಚ್ಚಿಕೊಳ್ಳುವುದನ್ನು ಕಲಿತರು. ರೋಗ ಬರುವ ದಾರಿ ತಿಳಿದರೆ ಅರ್ಧ ಔಷಧಿ ಸಿಕ್ಕಂತೆ. ನೀರಿನ ತುಂತುರಿನಿಂದ ಬರುವ ರೋಗಗಳ ದಾರಿಯನ್ನು ಮಾತ್ರ ನಾವಿನ್ನೂ ಕಲಿತಿಲ್ಲ.

ಲೀಜಿಯೊನೆಲ್ಲಾ ಕೆರೆ, ಹೊಳೆಗಳಲ್ಲಿ ಸಹಜವಾಗಿಯೇ ಇರುತ್ತದೆ. ಅಲ್ಲಿ ಅದರ ಸಂಖ್ಯೆ ಕಡಿಮೆ, ತೊಂದರೆಯೂ ಕಡಿಮೆ. ಮನುಷ್ಯ ಕಟ್ಟಿದ ಟ್ಯಾಂಕು, ಪೈಪುಗಳಿಗೆ ಬಂದ ಮೇಲೆ ಅದಕ್ಕೆ ಹಬ್ಬ. ಪೈಪಿನ ಒಳಗೋಡೆಗೆ ಅಂಟಿಕೊಳ್ಳುವ ಲೋಳೆಯ ಪದರದಲ್ಲಿ, ಅಲ್ಲಿರುವ ಅಮೀಬಾಗಳ ಹೊಟ್ಟೆಯೊಳಗೆ ಸೇರಿಕೊಂಡು ಅದು ಬೆಳೆಯುತ್ತದೆ. ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಸುಮ್ಮನೆ ಬಿದ್ದಿರುತ್ತದೆ. 25ರಿಂದ 45 ಡಿಗ್ರಿಯ ನಡುವೆ ಚೆನ್ನಾಗಿ ಹೆಚ್ಚುತ್ತದೆ. 50 ದಾಟಿದರೆ ಬೆಳವಣಿಗೆ ನಿಲ್ಲುತ್ತದೆ, 60ರಲ್ಲಿ ಸಾಯುತ್ತದೆ. ಈ ಅಂಕಿಗಳನ್ನು ನೆನಪಿಟ್ಟುಕೊಳ್ಳಿ. ಮುಂದಿನ ಮಾತೆಲ್ಲ ಇವುಗಳ ಮೇಲೆಯೇ ನಿಂತಿದೆ.

ಈ ರೋಗ ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಬರುವುದು ತುಂತುರಿನಿಂದ. ಐವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಇರುವವರು, ಮೊದಲೇ ಶ್ವಾಸಕೋಶದ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆ ಅಥವಾ ಅಂಗ ಕಸಿಯಿಂದ ರೋಗನಿರೋಧಕ ಶಕ್ತಿ ಕುಂದಿದವರು ಇದಕ್ಕೆ ಸುಲಭದ ತುತ್ತು. ರೋಗ ಬಂದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಸಾಯುತ್ತಾರೆ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ.

ಶವರಿನ ತಲೆಯಲ್ಲಿ ಸಿಗುವುದು ಇದೊಂದೇ ಅಲ್ಲ. 2009ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ನಾರ್ಮನ್ ಪೇಸ್ ಮತ್ತು ಸಂಗಡಿಗರು ಅಮೆರಿಕದ ಒಂಬತ್ತು ನಗರಗಳ ಶವರುಗಳ ಒಳಗಿನ ಲೋಳೆಯನ್ನು ಕೆರೆದು ಪರೀಕ್ಷಿಸಿದರು. ಅವುಗಳಲ್ಲಿ ಸುಮಾರು ಶೇಕಡ 30ರಲ್ಲಿ ‘ಮೈಕೋಬ್ಯಾಕ್ಟೀರಿಯಂ ಏವಿಯಂ’ ಗಣನೀಯ ಪ್ರಮಾಣದಲ್ಲಿತ್ತು. ಇದು ಕ್ಷಯರೋಗದ ರೋಗಾಣುವಿನ ದೂರದ ದಾಯಾದಿ. ದುರ್ಬಲ ಶ್ವಾಸಕೋಶದವರಲ್ಲಿ ತಿಂಗಳುಗಟ್ಟಲೆ ಕೆಮ್ಮು, ಸುಸ್ತು, ತೂಕ ಇಳಿಕೆ ತರಬಲ್ಲದು. ಸೂಕ್ಷ್ಮದರ್ಶಕದಲ್ಲಿ ಕಫ ನೋಡಿದರೆ ಕ್ಷಯದ್ದೇ ಎನ್ನುವಷ್ಟು ಹೋಲುತ್ತದೆ. ಸ್ವಾರಸ್ಯವೆಂದರೆ, 2018ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಬಾವಿ ನೀರಿನ ಮನೆಗಳಿಗಿಂತ ಕ್ಲೋರಿನ್ ಹಾಕಿದ ನಗರದ ನೀರಿನ ಮನೆಗಳ ಶವರಿನಲ್ಲೇ ಈ ಕುಲದ ಬ್ಯಾಕ್ಟೀರಿಯಾ ಹೆಚ್ಚಾಗಿ ಕಂಡವು. ಕ್ಲೋರಿನ್‌ಗೆ ಉಳಿದವೆಲ್ಲ ಸತ್ತಾಗ ಗಟ್ಟಿ ಚರ್ಮದ ಇವು ಮಾತ್ರ ಉಳಿದುಕೊಳ್ಳುತ್ತವೆ. ಅಂದರೆ, ‘ನಮ್ಮದು ಮುನ್ಸಿಪಾಲಿಟಿ ನೀರು, ಚಿಂತೆಯಿಲ್ಲ’ ಎನ್ನುವಂತಿಲ್ಲ. ‘ನಮ್ಮದು ಅಬ್ಬಿ ನೀರು, ಶುದ್ಧ’ ಎನ್ನುವಂತೆಯೂ ಇಲ್ಲ.

ಹಂಡೆಯಿಂದ ಟ್ಯಾಂಕಿಗೆ

ನಮ್ಮ ಹಳೆಯ ಬಚ್ಚಲನ್ನು ಒಮ್ಮೆ ನೆನಪಿಸಿಕೊಳ್ಳಿ. ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಹರಿದು ಬರುವ ನೀರು. ಒಲೆಯ ಮೇಲೆ ಕೂತ ತಾಮ್ರದ ಹಂಡೆ. ಅಡಿಕೆ ಹಾಳೆ, ತೆಂಗಿನ ಮಡಲು, ಒಣ ಕಟ್ಟಿಗೆ ತುರುಕಿ ಬೆಂಕಿ ಹಾಕಿದರೆ ನೀರು ಕೊತಕೊತ ಕುದಿಯುತ್ತಿತ್ತು. ತಣ್ಣೀರು ಬೆರೆಸಿ ತಂಬಿಗೆಯಲ್ಲಿ ಹೊಯ್ದುಕೊಂಡು ಮೀಯುವುದು. ಎಂಜಿನಿಯರಿಂಗ್ ಕಣ್ಣಿನಿಂದ ನೋಡಿದರೆ ಇದು ಅದ್ಭುತ ವ್ಯವಸ್ಥೆ. ನೀರು ನಿಲ್ಲುವುದಿಲ್ಲ, ದಿನವೂ ಹೊಸದು. ಕಾಯುವಾಗ 60 ಡಿಗ್ರಿ ಎಂದೋ ದಾಟಿರುತ್ತದೆ. ತಂಬಿಗೆಯಿಂದ ಬೀಳುವ ನೀರು ಧಾರೆ, ಮಂಜಲ್ಲ.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಆ ಒಲೆಯ ಹೊಗೆ ಕುಡಿದವರು ನಮ್ಮ ಅಜ್ಜಿಯರು, ಆಯಿಯರು. ಕಟ್ಟಿಗೆ ಹೊತ್ತವರೂ ಅವರೇ. ಸೋಲಾರ್ ಹೀಟರ್ ಬಂದಾಗ ಅವರಿಗೆ ಸಿಕ್ಕ ಬಿಡುವು ಸಣ್ಣದಲ್ಲ, ಕಾಡಿಗೆ ಆದ ಉಪಕಾರವೂ ಸಣ್ಣದಲ್ಲ. ಆದ್ದರಿಂದ ಯಾರೂ ಹಂಡೆಗೆ ಮರಳಬೇಕಿಲ್ಲ. ಹಂಡೆ ತಾನಾಗಿಯೇ ಮಾಡುತ್ತಿದ್ದ ಕೆಲಸವನ್ನು ಈಗ ನಾವು ಗಮನವಿಟ್ಟು ಮಾಡಿಸಬೇಕು, ಅಷ್ಟೇ.

ಸೋಲಾರ್ ಹೀಟರ್‌ನ ನಿಜವಾದ ಸಮಸ್ಯೆ ಇರುವುದು ಮಲೆನಾಡಿನ ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ವಾರಗಟ್ಟಲೆ ಸೂರ್ಯನ ದರ್ಶನವಾಗದು. ಬಿಸಿಲಿನಲ್ಲಿ ಕೈ ಸುಡುವಷ್ಟು ಕಾಯುವ ಟ್ಯಾಂಕಿನ ನೀರು ಮೋಡದ ದಿನಗಳಲ್ಲಿ ಉಗುರು ಬೆಚ್ಚಗೆ ನಿಂತುಬಿಡುತ್ತದೆ. ಉಗುರು ಬೆಚ್ಚಗೆ ಎಂದರೆ ಎಷ್ಟು? ಸುಮಾರು 35ರಿಂದ 40 ಡಿಗ್ರಿ. ಮೇಲೆ ಹೇಳಿದ ಅಂಕಿಗಳಿಗೆ ಹೋಲಿಸಿ ನೋಡಿ. ರೋಗಾಣು ಬೆಳೆಸಲೆಂದೇ ಪ್ರಯೋಗಾಲಯದಲ್ಲಿ ಇಟ್ಟಂತಹ ಉಷ್ಣತೆ ಅದು. ಚಳಿಯಲ್ಲಿ ಮೀಯಲು ಅಷ್ಟೇ ಬೆಚ್ಚಗಿದ್ದರೂ ಹಿತ ಎನಿಸುವುದರಿಂದ ಯಾರೂ ಕರೆಂಟಿನ ಕಾಯಿಲ್ ಹಾಕುವುದಿಲ್ಲ. ಮಳೆಯಲ್ಲಿ ಕರೆಂಟು ಇರುವುದೂ ಅಷ್ಟಕ್ಕಷ್ಟೇ ಎನ್ನುವುದು ಬೇರೆ ಮಾತು.

ಬೇಸಿಗೆಯ ಕಥೆ ಇನ್ನೊಂದು ಥರ. ತಾರಸಿಯ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ‘ತಣ್ಣೀರು’ ಏಪ್ರಿಲ್ ಮಧ್ಯಾಹ್ನ ತಣ್ಣಗೇನೂ ಇರುವುದಿಲ್ಲ. ತಳದಲ್ಲಿ ಕೆಂಪು ಕೆಸರು ಕುಳಿತಿರುತ್ತದೆ. ಲೀಜಿಯೊನೆಲ್ಲಾ ಬೆಳೆಯಲು ಕಬ್ಬಿಣದ ಅಂಶ ಬೇಕು. ನಮ್ಮ ಮಣ್ಣಿನ ಬಣ್ಣವೇ ಹೇಳುತ್ತದೆ, ನಮ್ಮಲ್ಲಿ ಅದಕ್ಕೆ ಕೊರತೆಯಿಲ್ಲ.

ಖಾಲಿ ಕೋಣೆಯ ನಲ್ಲಿ

ಈಗ ಹೋಮ್‌ಸ್ಟೇ ವಿಷಯಕ್ಕೆ ಬರುತ್ತೇನೆ. ನಮ್ಮ ಮೂರೂ ತಾಲೂಕುಗಳಲ್ಲಿ ಓದಿದ ಹುಡುಗರು ಊರಿಗೆ ಮರಳಿ ಹೋಮ್‌ಸ್ಟೇ ಶುರು ಮಾಡುತ್ತಿದ್ದಾರೆ. ಸಾತೊಡ್ಡಿ, ಮಾಗೋಡು, ಉಂಚಳ್ಳಿ, ಜೋಗ, ಸಹಸ್ರಲಿಂಗ, ಬನವಾಸಿ ಎಂದು ನೋಡಲು ಬರುವವರು ಉಳಿಯಲು ಜಾಗ ಕೇಳುತ್ತಾರೆ. ಅಡಿಕೆ ಬೆಲೆಯನ್ನು ನಂಬಿ ಕೂರುವುದಕ್ಕಿಂತ ಇದು ಒಳ್ಳೆಯದೇ. ನನಗೂ ಅದರ ಬಗ್ಗೆ ಹೆಮ್ಮೆಯಿದೆ.

ಆದರೆ ಹೋಮ್‌ಸ್ಟೇ ಎಂದರೆ ಶನಿವಾರ ಭಾನುವಾರ ತುಂಬಿ, ವಾರವಿಡೀ ಖಾಲಿ ಇರುವ ಕೋಣೆ. ಕೆಲವೊಮ್ಮೆ ತಿಂಗಳುಗಟ್ಟಲೆ ಖಾಲಿ. ಆಗ ಆ ಕೋಣೆಯ ಪೈಪಿನಲ್ಲಿ, ಶವರಿನ ಕತ್ತಿನಲ್ಲಿ, ಗೀಸರಿನಲ್ಲಿ ಅದೇ ನೀರು ನಿಂತಿರುತ್ತದೆ. ಇದ್ದ ಅಲ್ಪಸ್ವಲ್ಪ ಕ್ಲೋರಿನ್ ಆರಿಹೋಗುತ್ತದೆ. ಲೋಳೆ ಬೆಳೆಯುತ್ತದೆ. ಮೊದಲ ಅತಿಥಿ ಬಂದು ಶವರ್ ತಿರುಗಿಸಿದಾಗ ಮೊದಲ ಮಂಜು ಅವರ ಮುಖಕ್ಕೆ. 2020ರ ಲಾಕ್‌ಡೌನ್ ಮುಗಿದು ಹೋಟೆಲ್, ಕಚೇರಿ, ಶಾಲೆಗಳು ತೆರೆಯುವಾಗ ಜಗತ್ತಿನ ಆರೋಗ್ಯ ಸಂಸ್ಥೆಗಳು ಇದೇ ಕಾರಣಕ್ಕೆ ‘ಮೊದಲು ಎಲ್ಲ ನಲ್ಲಿಗಳನ್ನೂ ಬಿಟ್ಟು ಹಳೆ ನೀರು ಹೊರಹಾಕಿ’ ಎಂದು ಎಚ್ಚರಿಸಿದ್ದವು. ಆ ಲಾಕ್‌ಡೌನ್ ಸ್ಥಿತಿ ನಮ್ಮ ಹೋಮ್‌ಸ್ಟೇಗಳಿಗೆ ಪ್ರತಿ ವರ್ಷವೂ ಬರುತ್ತದೆ.

ಹುಬ್ಬಳ್ಳಿ, ಬೆಂಗಳೂರಿನ ಪಿ.ಜಿ., ಹಾಸ್ಟೆಲುಗಳಲ್ಲಿ ಇರುವ ನಮ್ಮಂಥವರ ಕಥೆಯೂ ಬೇರೆಯಲ್ಲ. ಸೆಮಿಸ್ಟರ್ ರಜೆ ಮುಗಿಸಿ ಬಂದು ಬ್ಯಾಗು ಇಳಿಸಿ ನೇರ ಶವರ್ ಕೆಳಗೆ ನಿಲ್ಲುತ್ತೇವೆ. ಶವರಿನ ಅರ್ಧ ರಂಧ್ರಗಳು ಬಿಳಿ ಉಪ್ಪು ಕಟ್ಟಿ ಮುಚ್ಚಿರುತ್ತವೆ, ಉಳಿದವು ದಿಕ್ಕಿಗೊಂದರಂತೆ ಚಿಮ್ಮುತ್ತಿರುತ್ತವೆ. ಅದನ್ನು ಕೊನೆಯ ಬಾರಿ ಯಾರು ಬಿಚ್ಚಿ ತೊಳೆದರು ಎಂದು ಕೇಳಿದರೆ ವಾರ್ಡನ್ನಿಗೂ ಗೊತ್ತಿರುವುದಿಲ್ಲ.

ಪರೀಕ್ಷೆಯೇ ಇಲ್ಲದ ಕಡೆ

‘ಎಂತ ಆಗ್ತಿಲ್ಯೋ ಮಾರಾಯಾ! ಇಷ್ಟು ವರ್ಷ ಮಿಂದಿದ್ದೇವಲ್ಲ, ಯಾರಿಗೆ ಏನಾಗಿದೆ?’ ಊರಿನಲ್ಲಿ ಈ ವಿಷಯ ಎತ್ತಿದಾಗ ನನಗೆ ಸಿಗುವ ಉತ್ತರ ಇದು. ಇದರಲ್ಲಿ ಅರ್ಧ ಸತ್ಯವಿದೆ. ಆದರೆ ನ್ಯುಮೋನಿಯಾ ಬಂದ ಪ್ರತಿಯೊಬ್ಬರಿಗೂ ಲೀಜಿಯೊನೆಲ್ಲಾ ಪರೀಕ್ಷೆ ಮಾಡುವ ರೂಢಿ ನಮ್ಮಲ್ಲಿ ಇಲ್ಲ. ಹುಡುಕದ ರೋಗ ಲೆಕ್ಕಕ್ಕೆ ಸಿಗುವುದಿಲ್ಲ. ವಯಸ್ಸಾದವರು ಮಳೆಗಾಲದಲ್ಲಿ ಕಫ ಕಟ್ಟಿ ತೀರಿಕೊಂಡರೆ ‘ವಯಸ್ಸಾಗಿತ್ತು, ತಂಡಿ ತಡೆಯಲಿಲ್ಲ’ ಎಂದು ಸುಮ್ಮನಾಗುತ್ತೇವೆ.

ಹುಡುಕಿದರೆ ಏನು ಸಿಗುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯದೇ ಉದಾಹರಣೆಯಿದೆ. ಮೆಲಿಯಾಯ್ಡೋಸಿಸ್ ಎಂಬ ರೋಗ ಮಣ್ಣು, ಕೆಸರು ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುತ್ತದೆ. ಗಾಯದ ಮೂಲಕ, ನೀರು ಕುಡಿದಾಗ, ತುಂತುರು ಅಥವಾ ಧೂಳನ್ನು ಉಸಿರಾಡಿದಾಗ ದೇಹ ಸೇರುತ್ತದೆ. ಇದನ್ನು ಮೊದಲು ವಿವರಿಸಿದ್ದು 1912ರಲ್ಲಿ, ರಂಗೂನಿನಲ್ಲಿದ್ದ ವೈದ್ಯ ವಿಟ್‌ಮೋರ್ ಮತ್ತು ಅವರ ಸಹಾಯಕ ಕೃಷ್ಣಸ್ವಾಮಿ. ಇದು ಥಾಯ್ಲೆಂಡ್, ಉತ್ತರ ಆಸ್ಟ್ರೇಲಿಯಾಗಳ ರೋಗ ಎಂದೇ ಬಹುಕಾಲ ಎಣಿಸಲಾಗಿತ್ತು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ತಜ್ಞರು ಮನಸ್ಸಿಟ್ಟು ಹುಡುಕತೊಡಗಿದ ಮೇಲೆ ನಮ್ಮ ಕರಾವಳಿ ಭಾಗದ ರೋಗಿಗಳಲ್ಲೇ ಅದು ಪತ್ತೆಯಾಗುತ್ತ ಬಂತು. ಹೆಚ್ಚಿನ ಪ್ರಕರಣಗಳು ಮಳೆಗಾಲದಲ್ಲಿ, ಹೆಚ್ಚಿನ ರೋಗಿಗಳಿಗೆ ಸಕ್ಕರೆ ಕಾಯಿಲೆ. ಇದನ್ನೂ ಕ್ಷಯವೆಂದು ತಪ್ಪು ತಿಳಿಯುವುದುಂಟು. ರೋಗ ಹೊಸದಾಗಿ ಬಂದಿರಲಿಲ್ಲ. ನೋಡುವ ಕಣ್ಣು ಬಂದಿತ್ತು.

ನಮ್ಮ ನೀರಿನ ಮಾನದಂಡಗಳೂ ಹೊಟ್ಟೆಯನ್ನೇ ನೋಡುತ್ತವೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐ.ಎಸ್. 10500 ಕೋಲಿಫಾರ್ಮ್, ಇ-ಕೋಲಿ ಇರಬಾರದು ಎನ್ನುತ್ತದೆ. ಅದು ಸರಿ, ಆದರೆ ಲೀಜಿಯೊನೆಲ್ಲಾದ ಮಿತಿ ಅದರಲ್ಲಿಲ್ಲ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ದಿನಕ್ಕೆ ತಲಾ 55 ಲೀಟರ್ ನೀರನ್ನು ಮನೆ ಬಾಗಿಲಿಗೆ ತರುವ ಗುರಿ ಇಟ್ಟುಕೊಂಡಿತು. ಹಳ್ಳಿಯ ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಕೊಟ್ಟು ತರಬೇತಿ ನೀಡಿತು. ಇದು ದೊಡ್ಡ ಕೆಲಸ. ಆದರೆ ಆ 55 ಲೀಟರಿನಲ್ಲಿ ನಾವು ಕುಡಿಯುವುದು ಎರಡೋ ಮೂರೋ ಲೀಟರ್. ಉಳಿದದ್ದರಲ್ಲಿ ಬಹುಪಾಲು ಹೋಗುವುದು ಬಚ್ಚಲಿಗೆ. ನಲ್ಲಿಯವರೆಗೆ ಬಂದ ನೀರು ನಮ್ಮ ಟ್ಯಾಂಕಿಗೆ ಬಿದ್ದ ಮೇಲೆ ಏನಾಯಿತು ಎಂದು ಕೇಳುವ ಕಿಟ್ ಇಲ್ಲ. ಅಲ್ಲಿಂದ ಮುಂದೆ ಜವಾಬ್ದಾರಿ ನಮ್ಮದು.

ಈ ಜವಾಬ್ದಾರಿ ಉತ್ತರ ಕನ್ನಡದವರಿಗೆ ಉಳಿದವರಿಗಿಂತ ಹೆಚ್ಚು ಎಂದು ನನಗನಿಸುತ್ತದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟ್ ಬಳಿ ಪಲ್ಟಿಯಾಗಿ ನಾಲ್ವರು ಸತ್ತಾಗ, ಜಿಲ್ಲೆಯ ಯುವಕರೆಲ್ಲ ‘ನಮಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ’ ಎಂದು ದನಿ ಎತ್ತಿದ್ದು ನೆನಪಿರಬಹುದು. ನಮ್ಮಲ್ಲಿ ಉಸಿರಾಟ ಕೆಟ್ಟ ರೋಗಿ ಎಂದರೆ ಇಂದಿಗೂ ಹುಬ್ಬಳ್ಳಿಯ ದಾರಿ, ಇಲ್ಲವೇ ಮಣಿಪಾಲದ ದಾರಿ. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್. ಒಳ ಹಳ್ಳಿಯಿಂದ ಶಿರಸಿಗೆ ಬರುವುದೇ ಇನ್ನೊಂದು ಪ್ರಯಾಣ. ಆಸ್ಪತ್ರೆಗಾಗಿ ಹೋರಾಟ ನಡೆಯಲಿ, ನಾನೂ ಅದರ ಜೊತೆಗಿದ್ದೇನೆ. ಆದರೆ ಆಂಬುಲೆನ್ಸ್ ಹತ್ತುವ ಪ್ರಮೇಯವನ್ನೇ ತಪ್ಪಿಸುವ ಕೆಲಸಕ್ಕೆ ಸರ್ಕಾರದ ಆದೇಶ ಬೇಕಿಲ್ಲ.

ಮೂರು ಯೂನಿಟ್ ಲೆಕ್ಕ

ಹಾಗಾದರೆ ಏನು ಮಾಡಬೇಕು? ಮೂರೇ ಮಾತು: ನೀರು ಸರಿಯಾಗಿ ಕಾಯಲಿ, ನೀರು ನಿಲ್ಲದಿರಲಿ, ಶವರ್ ಸ್ವಚ್ಛವಿರಲಿ.

ಮೊದಲನೆಯದರ ಖರ್ಚನ್ನು ಲೆಕ್ಕ ಹಾಕೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಬೇಕು. 100 ಲೀಟರ್ ಸೋಲಾರ್ ಟ್ಯಾಂಕಿನ 35 ಡಿಗ್ರಿ ನೀರನ್ನು 60ಕ್ಕೆ ಏರಿಸಲು 10,500 ಕಿಲೋಜೂಲ್. ಒಂದು ಯೂನಿಟ್ ವಿದ್ಯುತ್ ಎಂದರೆ 3,600 ಕಿಲೋಜೂಲ್. ಅಂದರೆ ಹತ್ತಿರ ಹತ್ತಿರ ಮೂರು ಯೂನಿಟ್. 2 ಕಿಲೋವಾಟಿನ ಕಾಯಿಲ್ ಆದರೆ ಒಂದೂವರೆ ಗಂಟೆ. ಹೊರದೇಶಗಳಲ್ಲಿ ಸಿಗುವ ಎಷ್ಟೋ ಹೀಟರುಗಳಲ್ಲಿ ವಾರಕ್ಕೊಮ್ಮೆ ನೀರನ್ನು ತಾನಾಗಿಯೇ 60 ಡಿಗ್ರಿ ದಾಟಿಸುವ ವ್ಯವಸ್ಥೆ ಇರುತ್ತದೆ. ನಮ್ಮ ಸೋಲಾರ್ ಟ್ಯಾಂಕುಗಳಲ್ಲಿ ಹಲವಕ್ಕೆ ಕಾಯಿಲ್ ಈಗಾಗಲೇ ಇದೆ, ಸ್ವಿಚ್ ಮೇಲೆ ಧೂಳು ಕೂತಿದೆ ಅಷ್ಟೇ. ಮೋಡ ಕವಿದ ವಾರಗಳಲ್ಲಿ ಆ ಸ್ವಿಚ್ ಒತ್ತಿ. ಮನೆಯಲ್ಲಿ ವಯಸ್ಸಾದವರು, ಕಾಯಿಲೆಯವರು ಇದ್ದರೆ ಇನ್ನೂ ಹೆಚ್ಚು ಸಲ ಒತ್ತಿ. ಕರೆಂಟಿನ ಗೀಸರ್ ಇರುವವರು ಹಣ ಉಳಿಸಲೆಂದು ತಿರುಗಣೆಯನ್ನು 40ಕ್ಕೆ ಇಳಿಸಿ ಇಡಬೇಡಿ. ಚೆನ್ನಾಗಿ ಕಾಯಿಸಿ, ತಣ್ಣೀರು ಬೆರೆಸಿ ಮೀಯಿರಿ. 60 ಡಿಗ್ರಿ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಹಾಗಾಗಿ ಮಕ್ಕಳು, ಹಿರಿಯರು ಇರುವಲ್ಲಿ ಬಕೆಟ್ಟಿನಲ್ಲಿ ಬೆರೆಸಿ ಕೈಯಿಟ್ಟು ನೋಡುವುದು ಕಡ್ಡಾಯ.

ಎರಡನೆಯದಕ್ಕೆ ಖರ್ಚೇ ಇಲ್ಲ. ವಾರಕ್ಕಿಂತ ಹೆಚ್ಚು ಬಳಸದ ಬಾತ್‌ರೂಮಿನ ನಲ್ಲಿ, ಶವರ್‌ಗಳನ್ನು ಐದು ನಿಮಿಷ ಬಿಟ್ಟುಬಿಡಿ. ಕಿಟಕಿ ತೆರೆದಿಟ್ಟು, ನೀವು ಹೊರಗೆ ನಿಲ್ಲಿ. ಶವರನ್ನು ಬಕೆಟ್ಟಿನೊಳಗೆ ಇಳಿಸಿಯೋ, ತಲೆಯನ್ನು ಬಿಚ್ಚಿಯೋ ಬಿಟ್ಟರೆ ತುಂತುರು ಏಳುವುದಿಲ್ಲ. ನೀರನ್ನು ಚೆಲ್ಲಬೇಕಿಲ್ಲ, ಗಿಡಕ್ಕೆ ಹಾಕಿ. ಹೋಮ್‌ಸ್ಟೇ ನಡೆಸುವವರು ಬೆಡ್‌ಶೀಟ್ ಬದಲಿಸುವ ಪಟ್ಟಿಯಲ್ಲಿ ಇದನ್ನೂ ಒಂದು ಸಾಲಾಗಿ ಸೇರಿಸಿಕೊಂಡರೆ ಸಾಕು.

ಮೂರನೆಯದು, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಶವರಿನ ತಲೆ ಬಿಚ್ಚಿ ವಿನೆಗರ್ ಅಥವಾ ಲಿಂಬೆರಸದ ನೀರಿನಲ್ಲಿ ನೆನೆಸಿ, ಹಳೆಯ ಬ್ರಷ್ಷಿನಲ್ಲಿ ಉಜ್ಜಿ, ಬಿಸಿನೀರಿನಲ್ಲಿ ತೊಳೆಯುವುದು. ತಾರಸಿಯ ಟ್ಯಾಂಕನ್ನು ಮಳೆಗಾಲಕ್ಕೆ ಮುಂಚೆ ಮತ್ತು ನಂತರ ಕೆಸರು ತೆಗೆದು ತೊಳೆಯುವುದು, ಮುಚ್ಚಳ ಭದ್ರಪಡಿಸುವುದು. ಬಾತ್‌ರೂಮಿಗೆ ಒಂದು ವೆಂಟಿಲೇಟರ್ ಇರಲೇಬೇಕು. ಗ್ಯಾಸ್ ಗೀಸರ್ ಇರುವ ಮುಚ್ಚಿದ ಬಾತ್‌ರೂಮಿನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿ ಜನ ಸತ್ತ ಸುದ್ದಿಯನ್ನು ನಾವು ಓದುತ್ತಲೇ ಇರುತ್ತೇವೆ. ಗಾಳಿ ಆಡಿದರೆ ಎರಡೂ ಅಪಾಯ ತಗ್ಗುತ್ತವೆ.

ದಮ್ಮು, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ ಇರುವವರಿಗೆ ನನ್ನ ಸಲಹೆ ಇನ್ನೂ ಸರಳ: ಶವರ್ ಬಿಡಿ, ತಂಬಿಗೆ ಹಿಡಿಯಿರಿ. ಪ್ರವಾಸ ಹೋಗಿ ಬಂದ ಒಂದೆರಡು ವಾರದಲ್ಲಿ ತೀವ್ರ ಜ್ವರ, ಒಣಕೆಮ್ಮು, ಉಸಿರಾಟದ ತೊಂದರೆ ಬಂದರೆ ಎಲ್ಲಿ ಉಳಿದಿದ್ದಿರಿ ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ. ಲೀಜಿಯೊನೆಲ್ಲಾ ನಮ್ಮ ಜೀವಕೋಶಗಳ ಒಳಗೇ ಅಡಗಿಕೊಳ್ಳುವುದರಿಂದ ಪೆನ್ಸಿಲಿನ್ ಗುಂಪಿನ ಔಷಧಿಗಳು ಅದಕ್ಕೆ ತಾಗುವುದಿಲ್ಲ. ಸರಿಯಾದ ಆ್ಯಂಟಿಬಯೋಟಿಕ್ ಬೇಗ ಸಿಕ್ಕರೆ ಗುಣವಾಗುತ್ತದೆ. ಪತ್ತೆಗೆ ಮೂತ್ರದ ಒಂದು ಪರೀಕ್ಷೆ ಇದೆ. ವೈದ್ಯರಿಗೆ ಆ ಅನುಮಾನ ಬರಬೇಕು, ಅದಕ್ಕೆ ನಿಮ್ಮ ಒಂದು ಮಾತು ನೆರವಾಗಬಹುದು.

ನಮ್ಮ ಪಾಲಿನ ಕೆಲಸ

ಕೊನೆಯದಾಗಿ, ನನ್ನಂತೆ ಬಿ.ಇ., ಡಿಪ್ಲೊಮಾ, ಐ.ಟಿ.ಐ. ಓದುತ್ತಿರುವ ಗೆಳೆಯರಿಗೆ ಒಂದು ಮಾತು. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಸಿಗುತ್ತಿಲ್ಲ ಎಂದು ಹಣ ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರುವವರನ್ನು ಕಂಡಿದ್ದೇವೆ. ವಿಷಯ ನಮ್ಮ ತಾರಸಿಯ ಮೇಲೇ ಇದೆ. ಕೆಲವು ನೂರು ರೂಪಾಯಿಯ ಉಷ್ಣತಾ ಸೆನ್ಸರ್, ಒಂದು ಆರ್ಡುಯಿನೊ ಬೋರ್ಡ್ ಇದ್ದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹತ್ತು ಮನೆಗಳ ಸೋಲಾರ್ ಟ್ಯಾಂಕಿನ ಉಷ್ಣತೆಯನ್ನು ಗಂಟೆಗೊಮ್ಮೆ ದಾಖಲಿಸಿ. ಎಷ್ಟು ದಿನ 60 ಮುಟ್ಟಿತು, ಎಷ್ಟು ದಿನ 45ರ ಕೆಳಗೇ ಉಳಿಯಿತು ಎಂದು ನಕ್ಷೆ ಬರೆಯಿರಿ. ವಾರದಿಂದ 60 ಮುಟ್ಟಿಲ್ಲದಿದ್ದರೆ ತಾನಾಗಿಯೇ ಕಾಯಿಲ್ ಹಾಕುವ ಸ್ವಿಚ್ ಮಾಡಿ. ಮಲೆನಾಡಿಗೆ ಬೇಕಾದ ಸೋಲಾರ್ ಹೀಟರ್ ಹೇಗಿರಬೇಕು ಎಂಬುದನ್ನು ಬಯಲುಸೀಮೆಯ ಬಿಸಿಲು ಹೇಳಲಾರದು, ನಮ್ಮ ಮಳೆಯೇ ಹೇಳಬೇಕು.

ಇದರಲ್ಲಿ ಉದ್ಯೋಗವೂ ಇದೆ. ಕಟ್ಟಡಗಳ ನೀರಿನ ವ್ಯವಸ್ಥೆಯಲ್ಲಿ ಲೀಜಿಯೊನೆಲ್ಲಾ ತಡೆಯುವುದಕ್ಕೆಂದೇ ಅಮೆರಿಕದ ಎಂಜಿನಿಯರುಗಳ ಸಂಸ್ಥೆ ಆಶ್ರೇ 2015ರಲ್ಲಿ ‘188’ ಎಂಬ ಮಾನದಂಡ ಹೊರತಂದಿತು. ದೊಡ್ಡ ಹೋಟೆಲು, ಆಸ್ಪತ್ರೆ, ಡೇಟಾ ಸೆಂಟರುಗಳ ಕೂಲಿಂಗ್ ಟವರ್, ಬಿಸಿನೀರಿನ ಜಾಲ ನೋಡಿಕೊಳ್ಳಲು ಇದನ್ನು ತಿಳಿದವರು ಬೇಕು. ಕೋಡಿಂಗ್ ಬಿಟ್ಟರೆ ಬೇರೆ ಕೆಲಸವೇ ಇಲ್ಲ ಎಂದು ಕೈಚೆಲ್ಲಿ ಕೂತಿರುವ ಮೆಕ್ಯಾನಿಕಲ್, ಸಿವಿಲ್ ಹುಡುಗ ಹುಡುಗಿಯರು ಈ ಕಡೆಗೂ ಒಮ್ಮೆ ನೋಡಬಹುದು. ಊರಿನಲ್ಲೇ ಇರಲು ಬಯಸುವವರು ಟ್ಯಾಂಕ್, ಗೀಸರ್, ಶವರ್ ಸ್ವಚ್ಛ ಮಾಡಿ ಉಷ್ಣತೆ ಅಳೆದು ಚೀಟಿ ಬರೆದುಕೊಡುವ ಕೆಲಸ ಶುರು ಮಾಡಿದರೆ, ಮೂರು ತಾಲೂಕಿನ ಹೋಮ್‌ಸ್ಟೇಗಳೇ ಸಾಕಷ್ಟು ಗಿರಾಕಿಗಳಾದಾವು.

ಹೋಮ್‌ಸ್ಟೇಗಳಿಗೆ ಪರವಾನಗಿ ಕೊಡುವವರು ಅಗ್ನಿಶಾಮಕ ಸಿಲಿಂಡರ್ ಕೇಳುವಂತೆ ಬಿಸಿನೀರಿನ ಉಷ್ಣತೆಯನ್ನೂ ಕೇಳಲಿ. ಹಾಸ್ಟೆಲ್ ಸಮಿತಿಗಳಲ್ಲಿ ನಾವು ಊಟದ ಮೆನು ಬಗ್ಗೆ ಜಗಳವಾಡುವಷ್ಟೇ ಜೋರಾಗಿ ಟ್ಯಾಂಕ್ ತೊಳೆದ ತಾರೀಕಿನ ಬಗ್ಗೆಯೂ ಕೇಳೋಣ. ಮುಂದಿನ ಮಳೆಗಾಲ ಬರುವ ಮೊದಲು, ಈ ಭಾನುವಾರವೇ, ನಿಮ್ಮ ಬಾತ್‌ರೂಮಿನ ಶವರ್ ಬಿಚ್ಚಿ ಒಳಗೆ ಬೆರಳಾಡಿಸಿ ನೋಡಿ. ಬೆರಳಿಗೆ ಲೋಳೆ ಹತ್ತಿದರೆ ಇಷ್ಟು ಹೊತ್ತು ಓದಿದ್ದು ನಿಮ್ಮ ಮನೆಯದೇ ವಿಷಯ ಎಂದು ತಿಳಿಯಿರಿ.